ಸಾಮೆಯ ತೌಡು ಎಲ್ಲಿ ಹೋಯಿತು?

ಮಾನ್ಯ ಸಂಪಾದಕರೇ,

ಕಳೆದ ಹಬ್ಬಕ್ಕೆ ಊರಿಗೆ ಬಂದ ನನ್ನ ತಂಗಿ ಬೆಂಗಳೂರಿನ ಅಂಗಡಿಯೊಂದರಿಂದ ಒಂದು ಕಿಲೊ ಸಾಮೆ ಅಕ್ಕಿ ತಂದಿದ್ದಳು. ನಮ್ಮ ಹೊಲದಲ್ಲೇ ಬೆಳೆಯುವುದನ್ನು ಅವಳು ಅಲ್ಲಿಂದ ಹೊತ್ತು ತಂದದ್ದು ನೋಡಿ ಮನಸ್ಸಿಗೆ ಕಸಿವಿಸಿಯಾಯಿತು. ಅವಳಿಗೆ ಸಕ್ಕರೆ ಕಾಯಿಲೆ. ಅನ್ನ ಕಡಿಮೆ ಮಾಡಿ ಎಂದು ವೈದ್ಯರು ಹೇಳಿದಂದಿನಿಂದ ಎರಡು ಹೊತ್ತೂ ಸಾಮೆಯನ್ನೇ ಉಣ್ಣುತ್ತಿದ್ದಾಳೆ. ಪೊಟ್ಟಣ ಒಡೆದು ಮೊರಕ್ಕೆ ಸುರಿದಾಗ, ಎಂಬತ್ತು ದಾಟಿದ ನಮ್ಮ ಅತ್ತೆ ಒಂದು ಚಿಟಿಕೆ ತೆಗೆದುಕೊಂಡು ಅಂಗೈಯಲ್ಲಿ ಉಜ್ಜಿ ನೋಡಿ, "ಇದು ರವೆಯಲ್ಲವೇನಮ್ಮ?" ಎಂದು ಕೇಳಿದರು. ಅಷ್ಟು ಬೆಳ್ಳಗಿತ್ತು. ನಾನು ಮನೆಯ ಸಾಮೆಯನ್ನು ಒಂದು ಹಿಡಿ ತಂದು ಪಕ್ಕದಲ್ಲಿ ಸುರಿದೆ. ಬೂದಿ ಬೆರೆತ ಕಂದು ಬಣ್ಣ, ಬೆರಳಿಗೆ ತುಸು ಒರಟು, ಮೂಗಿನ ಬಳಿ ಹಿಡಿದರೆ ಕಾಳಿನ ವಾಸನೆ. ತಂಗಿ ಎರಡನ್ನೂ ನೋಡಿ ಮಾತಾಡದೆ ಕುಳಿತಳು. ಇಷ್ಟು ದಿನ ತಾನು ಉಂಡದ್ದು ಏನು ಎಂಬ ಪ್ರಶ್ನೆ ಅವಳ ಮುಖದಲ್ಲಿತ್ತು.

ಸಾಮೆ, ನವಣೆ, ಹಾರಕ, ಊದಲು, ಕೊರಲೆ, ಬರಗು ಈ ಎಲ್ಲ ಕಾಳುಗಳಿಗೂ ಮೇಲೊಂದು ಗಟ್ಟಿ ಹೊಟ್ಟು ಇರುತ್ತದೆ. ಅದನ್ನು ಬಿಡಿಸದೆ ಉಣ್ಣಲಾಗದು. ಹೊಟ್ಟಿನ ಒಳಗೆ ಕಾಳಿಗೆ ಅಂಟಿಕೊಂಡಿರುವ ತೆಳುವಾದ ಪದರವೇ ತೌಡು. ನಾರು, ಬಿ ಗುಂಪಿನ ಜೀವಸತ್ವಗಳು, ಕಬ್ಬಿಣ, ಸತು ಹೆಚ್ಚಾಗಿರುವುದು ಈ ಪದರದಲ್ಲಿ ಮತ್ತು ಕಾಳಿನ ಮೊಳಕೆಯ ಭಾಗದಲ್ಲಿ. ಹೊಟ್ಟು ಬಿಡಿಸುವುದು ಊಟಕ್ಕಾಗಿ, ತೌಡು ಉಜ್ಜುವುದು ಮಾರಾಟಕ್ಕಾಗಿ. ತಂಗಿ ತಂದ ಪೊಟ್ಟಣದ ಮುಂಭಾಗದಲ್ಲಿ ನಾರಿನಂಶದ ಗುಣಗಾನವಿತ್ತು. ತೌಡು ಉಳಿಸಿದ್ದಾರೋ ತೆಗೆದಿದ್ದಾರೋ ಎಂಬ ಒಂದು ಸಾಲು ಎಲ್ಲೂ ಇರಲಿಲ್ಲ. ನಮ್ಮ ಆಹಾರ ಲೇಬಲ್ ನಿಯಮದಲ್ಲಿ ಕಡ್ಡಾಯವಾಗಿ ನಮೂದಿಸಬೇಕಾದ ಪೋಷಕಾಂಶಗಳ ಪಟ್ಟಿಯಲ್ಲಿ ಶಕ್ತಿ, ಪ್ರೊಟೀನ್, ಕೊಬ್ಬು, ಸಕ್ಕರೆ, ಸೋಡಿಯಂ ಇವೆ, ನಾರು ಇಲ್ಲ. ಸಕ್ಕರೆ ಕಾಯಿಲೆಯವರು ಸಿರಿಧಾನ್ಯ ಕೊಳ್ಳುವುದು ಆ ನಾರಿಗಾಗಿಯೇ ಅಲ್ಲವೇ?

ಗಿರಣಿಯವರ ಮಾತಿನಲ್ಲೂ ನಿಜವಿದೆ, ಅದನ್ನು ಮುಚ್ಚಿಡುವುದಿಲ್ಲ. ತೌಡಿನಲ್ಲಿ ಎಣ್ಣೆಯಂಶವಿರುವುದರಿಂದ ಹೊಟ್ಟು ಬಿಡಿಸಿದ ಕೆಲವು ತಿಂಗಳಲ್ಲಿ ಕಾಳು ಕಮಟು ವಾಸನೆ ಹಿಡಿಯುತ್ತದೆ. ದೂರದ ಊರಿಗೆ ಸಾಗಿಸಿ ಅಂಗಡಿಯಲ್ಲಿ ಆರು ತಿಂಗಳು, ವರ್ಷ ಇಡಬೇಕೆಂದರೆ ಉಜ್ಜಿಬಿಡುವುದು ಅವರಿಗೆ ಸುಲಭ. ಬೆಳ್ಳಗಿದ್ದರೆ ಗಿರಾಕಿಗೂ ಇಷ್ಟ, ಬೇಗ ಬೇಯುತ್ತದೆ, ಗಂಟಲಿಗೆ ಮೆತ್ತಗಿರುತ್ತದೆ. ಆದರೆ ಹೊಟ್ಟಿನ ಸಮೇತ ಇಟ್ಟ ಸಾಮೆ ವರ್ಷಗಟ್ಟಲೆ ಕೆಡುವುದಿಲ್ಲ. ನಮ್ಮ ಹಿರಿಯರು ಕಣಜದಲ್ಲಿ ಹೊಟ್ಟಿನ ಕಾಳು ತುಂಬಿಟ್ಟು, ವಾರಕ್ಕೆ ಬೇಕಾದಷ್ಟನ್ನು ಮಾತ್ರ ಒನಕೆಯಲ್ಲಿ ಕುಟ್ಟಿ ಕೇರಿಕೊಳ್ಳುತ್ತಿದ್ದರು. ಒನಕೆಗೆ ಮರಳಿ ಎಂದು ಯಾವ ಹೆಣ್ಣುಮಗಳಿಗೂ ನಾನು ಹೇಳಲಾರೆ. ಆ ಕೆಲಸದಲ್ಲಿ ನಮ್ಮ ಅತ್ತೆಯ ಅಂಗೈ ಸವೆದದ್ದನ್ನು ಕಂಡಿದ್ದೇನೆ. ಈಗ ಅದಕ್ಕೆ ಯಂತ್ರವಿದೆ. ಒರಟು ಕಲ್ಲಿನಿಂದ ತಿಕ್ಕುವ ಯಂತ್ರ ಹೊಟ್ಟಿನ ಜತೆಗೆ ತೌಡನ್ನೂ ಕೆರೆದು ಹಾಕುತ್ತದೆ. ಕಾಳನ್ನು ರಭಸದಿಂದ ಗೋಡೆಗೆ ಎರಚಿ ಹೊಟ್ಟು ಬಿರಿಯುವಂತೆ ಮಾಡುವ ಇನ್ನೊಂದು ಬಗೆಯ ಯಂತ್ರದಲ್ಲಿ ತೌಡು ಬಹುಪಾಲು ಉಳಿಯುತ್ತದೆ.

ಬಿಳಿ ಕಾಳಿನ ಮೋಹ ಏನು ಮಾಡಬಲ್ಲದು ಎಂಬುದನ್ನು ನೂರು ವರ್ಷದ ಹಿಂದೆಯೇ ಏಷ್ಯಾ ಕಂಡಿದೆ. ಯಂತ್ರದ ಗಿರಣಿಗಳು ಬಂದು ಅಕ್ಕಿ ಬೆಳ್ಳಗಾದಂತೆ ಬೆರಿಬೆರಿ ಎಂಬ ಕಾಯಿಲೆ ಹಬ್ಬಿತು. ಕಾಲು ಸೋತು, ಮೈ ಊದಿಕೊಂಡು, ಹೃದಯ ದುರ್ಬಲವಾಗಿ ಜನ ಸಾಯುತ್ತಿದ್ದರು. 1890ರ ದಶಕದಲ್ಲಿ ಜಾವಾದಲ್ಲಿ ಡಚ್ ವೈದ್ಯ ಕ್ರಿಸ್ಟಿಯಾನ್ ಐಕ್‌ಮನ್ ತನ್ನ ಪ್ರಯೋಗಾಲಯದ ಕೋಳಿಗಳು ಇದೇ ರೀತಿ ಕಾಲು ಕುಸಿದು ಬೀಳುವುದನ್ನು ಗಮನಿಸಿದರು. ಆಸ್ಪತ್ರೆಯ ಅಡುಗೆಮನೆಯಲ್ಲಿ ಉಳಿದ ಬಿಳಿ ಅನ್ನವೇ ಅವುಗಳ ಮೇವಾಗಿತ್ತು. ತೌಡಿರುವ ಅಕ್ಕಿ ಹಾಕಿದ ಮೇಲೆ ಕೋಳಿಗಳು ಎದ್ದು ಓಡಾಡಿದವು. ಆ ಕೆಲಸಕ್ಕಾಗಿ 1929ರಲ್ಲಿ ಅವರಿಗೆ ನೊಬೆಲ್ ಬಂತು. 1918ರಲ್ಲಿ ನೀಲಗಿರಿಯ ಕೂನೂರಿನಲ್ಲಿ ರಾಬರ್ಟ್ ಮೆಕ್‌ಕ್ಯಾರಿಸನ್ ಬೆರಿಬೆರಿಯ ಅಧ್ಯಯನಕ್ಕೆಂದೇ ಆರಂಭಿಸಿದ ಪುಟ್ಟ ಪ್ರಯೋಗಾಲಯವೇ ಇಂದು ಹೈದರಾಬಾದಿನಲ್ಲಿರುವ ರಾಷ್ಟ್ರೀಯ ಪೌಷ್ಟಿಕತಾ ಸಂಸ್ಥೆ. ಅಂದರೆ ನಮ್ಮ ದೇಶದ ಪೋಷಣಾ ವಿಜ್ಞಾನ ಹುಟ್ಟಿದ್ದೇ ಉಜ್ಜಿದ ಅಕ್ಕಿಯ ಪೆಟ್ಟಿನಿಂದ. ಇಷ್ಟೆಲ್ಲ ತಿಳಿದೂ ಈಗ ಸಾಮೆ, ನವಣೆಯನ್ನು ಅದೇ ಯಂತ್ರಕ್ಕೆ ಕೊಡುತ್ತಿದ್ದೇವೆ ಎಂಬುದು ನನಗೆ ಸಹಿಸಲಾಗದ ಸಂಗತಿ.

ಸಂಸ್ಕರಣೆಯೇ ಕೆಟ್ಟದ್ದು ಎಂಬ ವಾದ ನನ್ನದಲ್ಲ. ಕರಾವಳಿಯವರ ಕುಚ್ಚಲಕ್ಕಿಯನ್ನೇ ನೋಡಿ. ಭತ್ತವನ್ನು ನೆನೆಸಿ ಹಬೆಯಲ್ಲಿ ಬೇಯಿಸಿದಾಗ ಬಿ ಜೀವಸತ್ವಗಳು ಕಾಳಿನ ಒಳಕ್ಕೆ ಇಳಿಯುತ್ತವೆ, ಆಮೇಲೆ ಗಿರಣಿಗೆ ಹಾಕಿದರೂ ಒಂದಷ್ಟು ಉಳಿಯುತ್ತವೆ. ಅಂಬಲಿ ಹುಳಿಸುವುದು, ರಾಗಿ ಮೊಳಕೆ ಕಟ್ಟುವುದು ಕೂಡ ಸಂಸ್ಕರಣೆಯೇ. ರಾಗಿಯ ಸಿಪ್ಪೆ ಕಾಳಿಗೆ ಬಿಗಿಯಾಗಿ ಅಂಟಿರುವುದರಿಂದ ಅದನ್ನು ಇಡಿಯಾಗಿ ಬೀಸುವುದೇ ರೂಢಿ. ಹಾಗಾಗಿಯೇ ನೂರು ಗ್ರಾಂ ರಾಗಿಯ 350 ಮಿಲಿಗ್ರಾಂನಷ್ಟು ಕ್ಯಾಲ್ಸಿಯಂ ನಮ್ಮ ಮುದ್ದೆಯವರೆಗೂ ತಲುಪುತ್ತದೆ. (ಅದೇ ರಾಗಿಯ ಹೆಸರಿನ ಬಿಸ್ಕತ್ತು ಕೊಳ್ಳುವವರು ಪದಾರ್ಥಗಳ ಪಟ್ಟಿಯಲ್ಲಿ ಮೊದಲು ಬರುವ ಹೆಸರು ಯಾವುದೆಂದು ದಯವಿಟ್ಟು ಓದಿ. ಹೆಚ್ಚು ತೂಕದ್ದು ಮೊದಲು ಬರಬೇಕೆಂಬುದು ನಿಯಮ. ನಾನು ಓದಿದ ಪೊಟ್ಟಣಗಳಲ್ಲಿ ಅದು ಮೈದಾ ಆಗಿತ್ತು.)

ಐದನೇ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ ಕರ್ನಾಟಕದಲ್ಲಿ ನೂರಕ್ಕೆ ಸುಮಾರು 48 ಮಹಿಳೆಯರಿಗೆ ರಕ್ತಹೀನತೆ. ಕಬ್ಬಿಣ, ಫೋಲಿಕ್ ಆಮ್ಲ, ಬಿ12 ಸೇರಿಸಿದ ಸಾರವರ್ಧಿತ ಅಕ್ಕಿಯನ್ನು ಪಡಿತರದಲ್ಲಿ ಕೊಡಲು ಸರ್ಕಾರ ಹಣ ವೆಚ್ಚ ಮಾಡಿದೆ, ಅದಕ್ಕೆ ನನ್ನ ಆಕ್ಷೇಪವಿಲ್ಲ. ಕಾಳಿನಲ್ಲೇ ಇದ್ದುದನ್ನು ಉಳಿಸಿಕೊಳ್ಳಲು ಅದರ ಒಂದು ಪಾಲನ್ನಾದರೂ ವೆಚ್ಚ ಮಾಡಲಿ. ರಾಜ್ಯದ ರೈತಸಿರಿ ಯೋಜನೆಯಲ್ಲಿ ಸಿರಿಧಾನ್ಯ ಬೆಳೆಗಾರರಿಗೆ ಹೆಕ್ಟೇರಿಗೆ 10,000 ರೂಪಾಯಿ ಪ್ರೋತ್ಸಾಹಧನ ಪ್ರಕಟವಾಯಿತು, 2023ನ್ನು ವಿಶ್ವವೇ ಸಿರಿಧಾನ್ಯ ವರ್ಷವೆಂದು ಆಚರಿಸಿತು. ಬೆಳೆ ಹೊಲದಿಂದ ಹೊರಟ ಮೇಲೆ ಅದಕ್ಕೆ ಏನಾಗುತ್ತದೆ ಎಂಬ ಕಡೆಗೂ ಅಷ್ಟೇ ಗಮನ ಬೇಕು. ಸಿರಿಧಾನ್ಯ ಬೆಳೆಯುವ ಹೋಬಳಿಗೊಂದರಂತೆ ತೌಡು ಉಳಿಸುವ ಯಂತ್ರ ರೈತ ಸಂಘಗಳ ಕೈಗೆ ಬರಲಿ. ಪೊಟ್ಟಣದ ಮುಂಭಾಗದಲ್ಲಿ 'ತೌಡು ಉಳಿಸಿದ್ದು' ಅಥವಾ 'ತೌಡು ತೆಗೆದದ್ದು' ಎಂದು ಕನ್ನಡದಲ್ಲಿ, ದೊಡ್ಡ ಅಕ್ಷರದಲ್ಲಿ, ಹೊಟ್ಟು ಬಿಡಿಸಿದ ದಿನಾಂಕದ ಜತೆ ಇರಲಿ. ತೆಗೆದದ್ದನ್ನು ಮಾರಬಾರದೆಂದು ನಾನು ಕೇಳುತ್ತಿಲ್ಲ. ಕಾಯಿಲೆಯ ಭಯದಿಂದ ಅಕ್ಕಿಗಿಂತ ಹೆಚ್ಚು ದುಡ್ಡು ಕೊಟ್ಟು ಕೊಳ್ಳುವ ನನ್ನ ತಂಗಿಯಂಥವರಿಗೆ ತಿಳಿಯುವ ಹಕ್ಕಿದೆ.

ಈ ಪತ್ರದ ಜತೆ ಎರಡು ಸಣ್ಣ ಪೊಟ್ಟಣ ಕಳುಹಿಸುತ್ತಿದ್ದೇನೆ. ಒಂದರಲ್ಲಿ ಅಂಗಡಿಯ ಸಾಮೆ, ಇನ್ನೊಂದರಲ್ಲಿ ನಮ್ಮ ಹೊಲದ್ದು. ಅಕ್ಕಪಕ್ಕ ಇಟ್ಟು ಚಿತ್ರ ತೆಗೆದು, ಸಾಧ್ಯವಾದರೆ ಬಣ್ಣದಲ್ಲೇ ಪ್ರಕಟಿಸಿ.

– ನಿವೃತ್ತ ಶಾಲಾ ಶಿಕ್ಷಕಿ, ಹೊಸದುರ್ಗ ತಾಲ್ಲೂಕು, ಚಿತ್ರದುರ್ಗ ಜಿಲ್ಲೆ