ಭಾನುವಾರ ರಾತ್ರಿ ನಮ್ಮ ಮೇಲ್ ಸರ್ವರ್ ಬದಲಾಗುತ್ತದೆ

ಎಲ್ಲ ಗ್ರಾಹಕರಿಗೆ ನಮಸ್ಕಾರ,

ಬರುವ ಭಾನುವಾರ ರಾತ್ರಿ 10 ಗಂಟೆಗೆ ನಮ್ಮ ಸರ್ವರಿನಲ್ಲಿ ಮೇಲ್ ತೆಗೆದುಕೊಂಡು ಕಳಿಸುವ ಪ್ರೋಗ್ರಾಮನ್ನು ಬದಲಾಯಿಸುತ್ತೇವೆ: ಸೆಂಡ್‌ಮೇಲ್ ನಿಲ್ಲಿಸಿ ಪೋಸ್ಟ್‌ಫಿಕ್ಸ್ ಶುರು ಮಾಡುತ್ತೇವೆ. ನಿಮ್ಮ ಮೇಲ್ ವಿಳಾಸ, ಪಾಸ್‌ವರ್ಡ್, ಹಳೆಯ ಮೇಲ್‌ಗಳು ಯಾವುದೂ ಬದಲಾಗುವುದಿಲ್ಲ.

ನಡೆಯುತ್ತಿರುವುದನ್ನು ಸುಮ್ನೆ ಯಾಕೆ ಮುಟ್ಟುತ್ತೀರಿ ಎಂದು ಕೆಲವರು ಫೋನ್ ಮಾಡಿ ಕೇಳಿದಿರಿ. ಕೇಳಬೇಕಾದ ಮಾತೇ.

ಕಳೆದ ಮಳೆಗಾಲದ ಒಂದು ರಾತ್ರಿ ನಿಮ್ಮಲ್ಲಿ ಹಲವರ ಮೇಲ್ ಹೋಗದೆ ನಿಂತಿತ್ತು, ನೆನಪಿದೆ ಅಲ್ವಾ? ತಪ್ಪು ನಮ್ಮದೇ. ಸೆಂಡ್‌ಮೇಲಿನ ನಿಯಮಗಳ ಫೈಲಿನಲ್ಲಿ ಒಂದು ಸಾಲು ತಿದ್ದುವಾಗ ಟ್ಯಾಬ್ ಇರಬೇಕಾದ ಕಡೆ ಸ್ಪೇಸ್ ಬಿದ್ದಿತ್ತು. ಕಣ್ಣಿಗೆ ಎರಡೂ ಖಾಲಿ ಜಾಗವೇ. ಡಾಲರ್ ಗುರುತು, ನಕ್ಷತ್ರ, ಕೊಕ್ಕೆಗಳೇ ತುಂಬಿದ ಆ ಸಾಲುಗಳ ಮೇಲೆ ಬೆರಳಿಟ್ಟು ಓದುತ್ತಾ ಹೋಗಿ, ತಪ್ಪು ಸಿಕ್ಕಾಗ ಬೆಳಗಿನ ಜಾವ 3 ಗಂಟೆ. ಅಷ್ಟರಲ್ಲಿ ಗೇರುಬೀಜದ ವ್ಯಾಪಾರಿಯೊಬ್ಬರ ಕೊಟೇಶನ್ನಿನ ಗಡುವು ಮುಗಿದಿತ್ತು. ಆ ಬೇಸರ ನಮಗೆ ಇನ್ನೂ ಹೋಗಿಲ್ಲ.

ಸೆಂಡ್‌ಮೇಲ್ ಕೆಟ್ಟದ್ದೇನಲ್ಲ. 1980ರ ದಶಕದ ಆರಂಭದಲ್ಲಿ ಅಮೆರಿಕದ ಬರ್ಕ್ಲಿ ವಿಶ್ವವಿದ್ಯಾಲಯದಲ್ಲಿ ಎರಿಕ್ ಆಲ್‌ಮನ್ ಬರೆದದ್ದು. ಆಗ ಒಂದೊಂದು ನೆಟ್‌ವರ್ಕಿನ ವಿಳಾಸ ಒಂದೊಂದು ಥರ. ಅವನ್ನು ಒಂದರಿಂದ ಇನ್ನೊಂದಕ್ಕೆ ತಿರುಗಿಸಲು ಅಷ್ಟು ನಿಯಮ ಬೇಕಿತ್ತು, ಈಗ ಬೇಡ. ನಮ್ಮ ಸರ್ವರಿನಲ್ಲಿ ಬಳಸುವ ಆಪರೇಟಿಂಗ್ ಸಿಸ್ಟಮ್ ಫ್ರೀಬಿಎಸ್‌ಡಿ ಕೂಡ 2023ರಲ್ಲಿ ಬಂದ 14.0 ಆವೃತ್ತಿಯಿಂದ ಸೆಂಡ್‌ಮೇಲಿನ ಜಾಗದಲ್ಲಿ ಡಿಎಂಎ ಎಂಬ ಪುಟ್ಟ ಪ್ರೋಗ್ರಾಮನ್ನು ಕೂರಿಸಿದೆ. ಅದು ಮೇಲ್ ಕಳಿಸುತ್ತದೆ, ಹೊರಗಿನಿಂದ ಬಂದದ್ದನ್ನು ತೆಗೆದುಕೊಳ್ಳುವುದಿಲ್ಲ. ನಮ್ಮ ಕೆಲಸಕ್ಕೆ ಅದು ಸಾಲದು.

ಪೋಸ್ಟ್‌ಫಿಕ್ಸ್ ಬಂದದ್ದು 1998ರಲ್ಲಿ. ವೀಟ್ಸೆ ವೆನೆಮಾ ಐಬಿಎಂನಲ್ಲಿದ್ದಾಗ ಬರೆದರು. ಮಲ್ಪೆ ಬಂದರಿನಲ್ಲಿ ಮೀನು ಇಳಿಸುವವರು ಬೇರೆ, ವಿಂಗಡಿಸುವವರು ಬೇರೆ, ಲಾರಿಗೆ ತುಂಬುವವರು ಬೇರೆ. ಇದರೊಳಗೂ ಹಾಗೆಯೇ: ತೆಗೆದುಕೊಳ್ಳಲು ಒಂದು, ಸರದಿಯಲ್ಲಿ ಇಡಲು ಒಂದು, ಕಳಿಸಲು ಒಂದು ಪ್ರೋಗ್ರಾಮ್. ಹೊರಗಿನವರ ಜೊತೆ ಮಾತಾಡುವ ಪ್ರೋಗ್ರಾಮಿನ ಕೈಗೆ ಇಡೀ ಸರ್ವರಿನ ಬೀಗದ ಕೈ ಕೊಟ್ಟಿರುವುದಿಲ್ಲ. ಸೆಟ್ಟಿಂಗ್ ಎಂದರೆ ಒಂದು ಹೆಸರು, ಈಕ್ವಲ್ ಗುರುತು, ಮುಂದೆ ಏನು ಬೇಕೋ ಅದು. ನಡುರಾತ್ರಿ ಓದಿದರೂ ಅರ್ಥವಾಗುತ್ತದೆ. ನಮಗೆ ಬೇಕಾದದ್ದು ಇದೇ.

ಬದಲಾಯಿಸುವಾಗ ಸುಮಾರು ಅರ್ಧ ಗಂಟೆ ಮೇಲ್ ಬರುವುದಿಲ್ಲ. ಕಳೆದೂ ಹೋಗುವುದಿಲ್ಲ; ಕಳಿಸಿದ ಕಡೆಯ ಸರ್ವರ್ ಅದನ್ನು ಇಟ್ಟುಕೊಂಡು ಮತ್ತೆ ಮತ್ತೆ ಕಳಿಸಿ ನೋಡುತ್ತದೆ. ವೆಬ್‌ಸೈಟ್ ಫಾರ್ಮುಗಳಿಗೂ ತೊಂದರೆ ಇಲ್ಲ. ಅವು ಕರೆಯುವ ಸೆಂಡ್‌ಮೇಲ್ ಕಮಾಂಡ್ ಅದೇ ಹೆಸರಿನಲ್ಲಿ ಪೋಸ್ಟ್‌ಫಿಕ್ಸ್‌ನಲ್ಲೂ ಇದೆ.

ನಿಮ್ಮಿಂದ ಆಗಬೇಕಾದ ಕೆಲಸ ಒಂದೇ. ಮೇಲ್ ಕಳಿಸುವ ಸೆಟ್ಟಿಂಗಿನಲ್ಲಿ ಪೋರ್ಟ್ 25 ಎಂದಿದ್ದರೆ 587 ಮಾಡಿ, ಸ್ಟಾರ್ಟ್‌ಟಿಎಲ್‌ಎಸ್ (ದಾರಿಯಲ್ಲಿ ಬೇರೆಯವರು ಓದದಂತೆ ಕಾಯುವ ಆಯ್ಕೆ) ಆರಿಸಿ, ಪಾಸ್‌ವರ್ಡ್ ಹಾಕಿ. ಫೋನು, ಕಂಪ್ಯೂಟರ್ ನೋಡಿ ಎಲ್ಲರೂ ಮರೆಯುವುದು ಸ್ಕ್ಯಾನ್ ಮಾಡಿ ಮೇಲ್ ಕಳಿಸುವ ಜೆರಾಕ್ಸ್ ಮೆಷಿನನ್ನು. ದಯವಿಟ್ಟು ಅದನ್ನೂ ನೋಡಿ. ಗೊತ್ತಾಗದಿದ್ದರೆ ಶನಿವಾರದೊಳಗೆ ಹೇಳಿ. ಮಂಗಳೂರು, ಉಡುಪಿಯಲ್ಲಿ ನಾವೇ ಬಂದು ಮಾಡಿಕೊಡುತ್ತೇವೆ, ದುಡ್ಡು ಬೇಡ.

ಸೋಮವಾರ ಬೆಳಿಗ್ಗೆ 7ರಿಂದ ಆಫೀಸಿನಲ್ಲಿರುತ್ತೇವೆ. ಅಂಗಡಿ ಬಾಗಿಲು ತೆಗೆದ ಕೂಡಲೇ ನಮಗೊಂದು ಮೇಲ್ ಹಾಕಿ. ಒಬ್ಬೊಬ್ಬರಿಗೂ ಉತ್ತರ ಬರೆಯುತ್ತೇವೆ. 10 ನಿಮಿಷದಲ್ಲಿ ಉತ್ತರ ಬಾರದಿದ್ದರೆ ಫೋನ್ ಮಾಡಿ.

ಇಂತಿ,
ನಿಮ್ಮ ಮೇಲ್ ಸರ್ವರ್ ನೋಡಿಕೊಳ್ಳುವವರು, ಮಂಗಳೂರು