ಎಡಗಾಲಿನ ಮೇಷ್ಟ್ರ ಥ್ಯಾಂಕ್ಸ್

ಮೊನ್ನೆ 31ನೇ ತಾರೀಖು ಸ್ಕೂಲಿನ ಪಿ.ಟಿ. ಮೇಷ್ಟ್ರ ಕೆಲಸದಿಂದ ರಿಟೈರ್ ಆದೆ. ಬೀಳ್ಕೊಡುಗೆ ದಿನ ಮೈಕ್ ಕೈಗೆ ಬಂದಾಗ ಮಾತೇ ಹೊರಡಲಿಲ್ಲ. ಅಷ್ಟು ವರ್ಷ ಮೈದಾನದಲ್ಲಿ ಕೂಗಿದ ಗಂಟಲು ಅವತ್ತೇ ಕೈಕೊಡಬೇಕಾ? ಅದಕ್ಕೇ ಇಲ್ಲಿ ಬರೆಯುತ್ತಿದ್ದೇನೆ.

ಕಾಲೇಜಿನಲ್ಲಿ ನನ್ನ ಫುಟ್‌ಬಾಲ್ ಆಟಕ್ಕೆ ಒಂದಿಷ್ಟು ಹೆಸರಿತ್ತು. ಬೆಂಗಳೂರಿನ ಆಸ್ಟಿನ್ ಟೌನ್ ಹುಡುಗ, ಮೈದಾನದ ಬಲಬದಿಯಿಂದ ನುಗ್ಗುವ ರೈಟ್ ವಿಂಗ್. ಕೊನೇ ವರ್ಷ ಸೆಮಿಫೈನಲ್‌ನಲ್ಲಿ ಬಲಮಂಡಿ ತಿರುಚಿತು. ಒಳಗೆ ಲಿಗಮೆಂಟ್ ಹರಿದಿದೆ ಅಂತ ಗೊತ್ತಾಗುವಷ್ಟರಲ್ಲಿ ಆಟ ಮುಗಿದಿತ್ತು.

ಮೂಲೆ ಹಿಡಿದು ಕೂತಿದ್ದವನನ್ನು ಎಬ್ಬಿಸಿದವರು ನಮ್ಮ ಕಾಲೇಜು ಕೋಚ್. ಮನೆಗೆ ಬಂದವರು ಮಂಡಿ ವಿಷಯ ಎತ್ತಲೇ ಇಲ್ಲ. ಹೈದರಾಬಾದಿನ ಸೈಯದ್ ಅಬ್ದುಲ್ ರಹೀಮ್ ಕಥೆ ಹೇಳಿದರು. ಉಸ್ಮಾನಿಯಾ ಯೂನಿವರ್ಸಿಟಿಗೆ ಆಡಿ, ಸ್ಕೂಲ್ ಮೇಷ್ಟ್ರಾದವರು ಅವರು. ಭಾರತ 1951ರಲ್ಲೂ 1962ರಲ್ಲೂ ಏಷ್ಯನ್ ಗೇಮ್ಸ್ ಚಿನ್ನ ಗೆದ್ದಿದ್ದು ಅವರ ಕೋಚಿಂಗಿನಲ್ಲೇ. 1956ರ ಮೆಲ್ಬರ್ನ್ ಒಲಿಂಪಿಕ್ಸ್‌ನಲ್ಲಿ ನಾಲ್ಕನೇ ಸ್ಥಾನ ಪಡೆದ ಅವರ ಟೀಮಿನಲ್ಲಿ ನಮ್ಮ ಬೆಂಗಳೂರಿನ ಕೆಂಪಯ್ಯನವರೂ ಇದ್ದರು. ರಹೀಮ್ ಸಾಹೇಬರು ಒದ್ದು ಅಭ್ಯಾಸವಿಲ್ಲದ ಕಾಲಲ್ಲೇ ಆಡಬೇಕು ಅಂತ ಪಂದ್ಯ ಇಡಿಸುತ್ತಿದ್ದರಂತೆ. "ಎಡಗಾಲು ಇದೆಯಲ್ಲಪ್ಪಾ ನಿಂಗೆ" ಅಂದು, ನಮ್ಮ ಕೋಚ್ ಟೀ ಮುಗಿಸಿ ಹೊರಟರು. ಮುಂದಿನ ವಾರ ಪಿ.ಟಿ. ಮೇಷ್ಟ್ರಾಗಲು ಓದುವ ಬಿ.ಪಿ.ಎಡ್. ಕೋರ್ಸಿನ ಅರ್ಜಿ ಹಿಡಿದು ಮತ್ತೆ ಬಂದರು. ಈಗ ಅವರಿಲ್ಲ. ಇದ್ದಾಗ ಒಂದು ಸಲವೂ ಥ್ಯಾಂಕ್ಸ್ ಹೇಳಿರಲಿಲ್ಲ ನಾನು.

ನಮ್ಮ ಸ್ಕೂಲಿನ ಗಣಿತ ಮೇಡಂ, ನಿಮಗೆ ದೊಡ್ಡ ನಮಸ್ಕಾರ. ಪರೀಕ್ಷೆ ಹತ್ತಿರ ಬಂತು ಅಂದರೆ ಪಿ.ಟಿ. ಪೀರಿಯಡ್ ಮೇಲೆ ಎಲ್ಲರ ಕಣ್ಣು. ನೀವು ಮಾತ್ರ ಯಾವತ್ತೂ ಕಿತ್ತುಕೊಳ್ಳಲಿಲ್ಲ. ಉಲ್ಟಾ, ಕಾರ್ನರ್ ಕಿಕ್ ತೋರಿಸಿ ಕೋನ ಕಲಿಸಿದಿರಿ. ವಾಚ್‌ಮನ್ ಅಣ್ಣ, ಬೆಳಗ್ಗೆ ಐದೂವರೆಗೇ ಗೇಟ್ ತೆಗೆದಿದ್ದಕ್ಕೆ ಏನು ಹೇಳಲಿ? ನನ್ನ ಹೆಂಡತಿ ಒಗೆದ ಜೆರ್ಸಿಗಳ ಲೆಕ್ಕ ಇಡಲು ಹೋಗುವುದಿಲ್ಲ, ಬೈಸಿಕೊಳ್ಳುತ್ತೇನೆ.

ಇನ್ನು ಹುಡುಗರು, ಹುಡುಗಿಯರು. ನಿಮ್ಮಲ್ಲಿ ಒಬ್ಬರೂ ಇಂಡಿಯಾ ಟೀಮಿಗೆ ಆಡಲಿಲ್ಲ. ನಂಗೆ ಅದರ ಬೇಜಾರೇನೂ ಇಲ್ಲ. ಒಬ್ಬಳು ನರ್ಸ್, ಒಬ್ಬ ಬಿ.ಎಂ.ಟಿ.ಸಿ. ಡ್ರೈವರ್, ಇಬ್ಬರು ನನ್ನ ಹಾಗೇ ಪಿ.ಟಿ. ಮೇಷ್ಟ್ರು. ಕೊನೇ ದಿನ ಎಲ್ಲರೂ ಸೇರಿ ಎಡಗಾಲಿನ ಮ್ಯಾಚ್ ಆಡಿದಿರಿ. ನನ್ನ ಕೈಲೂ ಪೆನಾಲ್ಟಿ ಹೊಡೆಸಿದಿರಿ. ಗೋಲ್‌ಕೀಪರ್ ಬೇಕಂತಲೇ ಆ ಕಡೆ ಬಿದ್ದಿದ್ದು ನಂಗೆ ಗೊತ್ತು ಕಣ್ರೋ. ಆದರೂ ಬಾಲ್ ಬಾರ್ ಮೇಲೆ ಹೋಗಿ ಬೇವಿನ ಮರದಲ್ಲಿ ಸಿಕ್ಕಿಕೊಂಡಿತು.

ಬಾಲಿಗೆ ಗಾಳಿ ಹೊಡೆಯೋ ಪಂಪಿನ ಪಿನ್ ನನ್ನ ಜೇಬಿನಲ್ಲೇ ಉಳಿದುಬಿಟ್ಟಿದೆ. ಸೋಮವಾರ ತಂದುಕೊಡುತ್ತೇನೆ. ಅಷ್ಟರಲ್ಲಿ ಯಾರಾದರೂ ಆ ಬಾಲ್ ಇಳಿಸಿ.