ಹಾಡಿಯ ದೊಡ್ಡವರೂ ಕಲಿಯಲಿ: ಪರಿಶಿಷ್ಟ ಪಂಗಡಗಳ ಕಲ್ಯಾಣ ಸಚಿವರಿಗೆ ಬಹಿರಂಗ ಪತ್ರ

ಮಾನ್ಯ ಸಚಿವರೇ,

ಎಚ್.ಡಿ. ಕೋಟೆ, ಹುಣಸೂರು, ಕೊಡಗಿನ ಹಾಡಿಗಳ, ಅಂದರೆ ಆದಿವಾಸಿ ಕೇರಿಗಳ, ಮಕ್ಕಳಿಗೆ ಆಶ್ರಮ ಶಾಲೆಗಳಿವೆ. ಅಂಥ ಶಾಲೆಯನ್ನು ಐದನೇ ಕ್ಲಾಸಿಗೋ ಏಳನೇ ಕ್ಲಾಸಿಗೋ ಬಿಟ್ಟು, ಈಗ ಮೂವತ್ತರ ಆಸುಪಾಸಿನಲ್ಲಿರುವ ಜೇನುಕುರುಬರಿಗೆ, ಯರವರಿಗೆ ಏನಿದೆ? ಕಾಫಿ ತೋಟದ ಕೂಲಿ, ತೋಟದವರು ಕೂಲಿಗಳಿಗೆ ಸಾಲಾಗಿ ಕಟ್ಟಿಸಿದ ಲೈನ್ ಮನೆ, ತೀರದ ಮುಂಗಡ.

ನಮ್ಮ ಕಡೆಯ ಹಾಡಿಯೊಂದರಲ್ಲಿ ಒಬ್ಬ ಯುವಕನಿದ್ದಾನೆ. ತೋಟದ ಪಂಪ್‌ಸೆಟ್ ಕೆಟ್ಟರೆ ಅವನನ್ನೇ ಕರೆಯುತ್ತಾರೆ. ಮೋಟರ್ ಬಿಚ್ಚಿ, ಮೂಸಿ ನೋಡಿ, ವೈಂಡಿಂಗ್ ಸುಟ್ಟಿದೆಯೋ ಬೇರಿಂಗ್ ಹೋಗಿದೆಯೋ ಹೇಳುತ್ತಾನೆ. ತರಬೇತಿಗೆ ಅರ್ಜಿ ಹಾಕಲು ಹೋದಾಗ ಮಾರ್ಕ್ಸ್ ಕಾರ್ಡ್ ಕೇಳಿದರು. ಓದಿದ್ದು ಆರನೇ ಕ್ಲಾಸು. ಐಟಿಐಯಲ್ಲಿ ವೆಲ್ಡರ್ ಆಗಲು ಎಂಟನೇ ಕ್ಲಾಸ್ ಪಾಸಾಗಿರಬೇಕು, ಎಲೆಕ್ಟ್ರಿಷಿಯನ್‌ಗೆ ಹತ್ತನೇ ಕ್ಲಾಸ್. ಅವನು ಮರುದಿನ ಮತ್ತೆ ಕೂಲಿಗೆ ಹೋದ.

ಅವನಂಥವರಿಗೆ ಸಿಗುವುದು ಫಿನಾಯಿಲ್, ಸೋಪು ಮಾಡುವ ಮೂರು ದಿನದ ಶಿಬಿರ. ಕೊನೆಗೆ ಒಂದು ಗ್ರೂಪ್ ಫೋಟೋ. ಇದನ್ನು ತರಬೇತಿ ಎಂದು ಲೆಕ್ಕಕ್ಕೆ ಹಿಡಿಯಬೇಡಿ, ದಯವಿಟ್ಟು.

ದಾರಿ ಇಲ್ಲದಿಲ್ಲ. ಹದಿನೈದು ದಾಟಿದವರಿಗಾಗಿ ಇರುವ ಕೇಂದ್ರ ಸರ್ಕಾರದ 2022-27ರ ಉಲ್ಲಾಸ್ ಸಾಕ್ಷರತಾ ಕಾರ್ಯಕ್ರಮದಲ್ಲಿ ಅಕ್ಷರದ ಜೊತೆಗೆ ವೃತ್ತಿ ಕೌಶಲ, ಶಾಲೆಯ ತರಗತಿಗಳಿಗೆ ಸಮನಾದ ಶಿಕ್ಷಣ ಎರಡೂ ಸೇರಿವೆ. ರಾಷ್ಟ್ರೀಯ ಮುಕ್ತ ಶಾಲೆಯಲ್ಲಿ ದೊಡ್ಡವರೂ ಎಂಟನೇ ಕ್ಲಾಸಿಗೆ ಸಮನಾದ ಹಂತ ಮುಗಿಸಬಹುದು. ಈ ಎರಡನ್ನೂ ಜೋಡಿಸಿ, ಹಾಡಿಯ ಹತ್ತಿರವೇ ಒಂದು ವರ್ಷದ ಕೇಂದ್ರ ನಡೆಸಿ. ಹಗಲು ಕಸುಬು, ಸಂಜೆ ಪಾಠ. ಉಜಿರೆಯಲ್ಲಿ 1982ರಲ್ಲಿ ಶುರುವಾದ ಸ್ವಉದ್ಯೋಗ ತರಬೇತಿ ಸಂಸ್ಥೆ ರುಡ್‌ಸೆಟ್ ಊಟ, ವಸತಿ ಸಹಿತ ಉಚಿತ ತರಬೇತಿ ಕೊಟ್ಟು ದೇಶಕ್ಕೇ ಮಾದರಿಯಾಯಿತು. ಆದರೆ ಕೈಗೂಸು ಇರುವ ಹೆಂಗಸು ವಾರಗಟ್ಟಲೆ ಮನೆ ಬಿಟ್ಟಿರಲಾರಳು. ಆದ್ದರಿಂದ ಕೇಂದ್ರ ಅವಳಿದ್ದಲ್ಲಿಗೆ ಬರಬೇಕು, ಅಲ್ಲಿ ಮಗುವನ್ನು ನೋಡಿಕೊಳ್ಳುವವರೂ ಇರಬೇಕು.

ಎಲ್ಲಕ್ಕಿಂತ ಮುಖ್ಯ, ಕಳೆದುಕೊಳ್ಳುವ ಕೂಲಿಯಷ್ಟು ಭತ್ಯೆ ಕೊಡಿ. ದಿನಗೂಲಿ ತಪ್ಪಿದರೆ ಆ ದಿನದ ಅಕ್ಕಿ, ಸಾಮಾನು ತಪ್ಪುತ್ತದೆ. ಹಾಗಿರುವಾಗ ಕ್ಲಾಸಿಗೆ ಬಾ ಎಂದರೆ ಯಾರು ಬರುತ್ತಾರೆ? ಕಾಫಿ ಕೊಯ್ಲು ಮುಗಿದ ಮೇಲೆ, ಏಪ್ರಿಲ್‌ನಲ್ಲಿ ಶುರು ಮಾಡಿ. ಕೊಯ್ಲಿನ ತಿಂಗಳುಗಳಲ್ಲಿ ಸಂಜೆ ಪಾಠ ಮಾತ್ರ ಸಾಕು.

ಇನ್ನೊಂದು ಮಾತು. ದಸರೆಯ ಆನೆಗಳ ಮಾವುತರು, ಅವರ ಸಹಾಯಕರಾದ ಕಾವಾಡಿಗಳಲ್ಲಿ ಜೇನುಕುರುಬರು ಹಲವರಿದ್ದಾರೆ. ಜೇನು ಕೀಳುವುದು, ಆನೆ ಪಳಗಿಸುವುದು, ಕಾಡಿನ ಜಾಡು ಹಿಡಿಯುವುದು ಪರೀಕ್ಷೆ ಮಾಡಿ ಪ್ರಮಾಣಪತ್ರ ಕೊಡಬಹುದಾದ ವಿದ್ಯೆಗಳೇ. ಅರಣ್ಯ ಇಲಾಖೆಯ ನೇಮಕಾತಿಯಲ್ಲಿ ಅದಕ್ಕೆ ಬೆಲೆ ಸಿಗುವಂತೆ ನೀವು ಪ್ರಯತ್ನಿಸಬೇಕು.

ಮುಂದಿನ ಬಜೆಟ್‌ಗೆ ಮೊದಲು ತಾಲ್ಲೂಕಿಗೆ ಒಂದಾದರೂ ಇಂಥ ಕೇಂದ್ರದ ಪ್ರಸ್ತಾವ ಸಿದ್ಧವಾಗಲಿ. ಅದಕ್ಕಾಗಿ ನಿಮ್ಮ ಅಧಿಕಾರಿಗಳು ಹಾಡಿಗೆ ಬರುವುದಾದರೆ ಸಂಜೆ ಆರರ ಮೇಲೆ ಬರಲಿ. ಹಗಲಿನಲ್ಲಿ ಎಲ್ಲರೂ ತೋಟದಲ್ಲಿರುತ್ತಾರೆ.

ಇಂತಿ ತಮ್ಮ ವಿಶ್ವಾಸಿ,
ಹುಣಸೂರು ಕಡೆಯ ಒಬ್ಬ ಶಿಕ್ಷಕ